ಲೆಕ್ಕದ ಪುಸ್ತಕ ಮತ್ತು ಒಳಮನಸ್ಸು: ಸಹಕಾರಿಗಳು ತೀರ್ಮಾನ ಮಾಡಿಕೊಂಡು ಬಂದ ಬಗೆ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂತೋಷದ ಹೊತ್ತಿನಲ್ಲಿ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಷೇರು ಬಂಡವಾಳ ಎಷ್ಟಾಯಿತು, ಠೇವಣಿ ಎಷ್ಟು ಬೆಳೆಯಿತು, ಸಾಲ ಎಷ್ಟು ಬಾಕಿ ಇದೆ ಎಂಬುದೆಲ್ಲ ಕಾರ್ಯದರ್ಶಿಗಳ ವರದಿಯಲ್ಲಿ ಬರುತ್ತದೆ. ಅದಕ್ಕೆ ನಾವು ಕೈ ಹಾಕುವುದಿಲ್ಲ. ಆ ಅಂಕಿಗಳ ಹಿಂದೆ ಇರುವ ಒಂದು ಕೆಲಸದ ಚರಿತ್ರೆಯನ್ನು ತಿಳಿದ ಮಟ್ಟಿಗೆ ಬರೆಯುತ್ತೇವೆ. ಆ ಕೆಲಸ ಯಾವುದೆಂದರೆ, ತೀರ್ಮಾನ ಮಾಡುವುದು.

ಆಡಳಿತ ಮಂಡಳಿಯ ಮುಂದೆ ಒಂದು ಸಾಲದ ಅರ್ಜಿ ಬಂದಾಗ ಸಾಮಾನ್ಯವಾಗಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಒಬ್ಬರು, “ಕಾಗದ ಪತ್ರ ಎಲ್ಲಾ ಸರಿಯಾಗಿದೆ, ಕೊಡೋಣ” ಅನ್ನುತ್ತಾರೆ. ಇನ್ನೊಬ್ಬರು, “ಎಲ್ಲಾ ಸರಿಯಾಗೇ ಇದೆ ಸ್ವಾಮಿ, ಆದ್ರೂ ಯಾಕೋ ಮನಸ್ಸು ಒಪ್ತಾ ಇಲ್ಲ” ಅನ್ನುತ್ತಾರೆ. ಒಂದೊಂದು ಸಲ ಇದು ತಿರುವುಮುರುವಾಗುತ್ತದೆ. ಕಾಗದದಲ್ಲಿ ಏನೋ ಕೊರತೆ ಇರುತ್ತದೆ, ಆದರೆ “ಆ ಮನುಷ್ಯ ಮಾತಿಗೆ ತಪ್ಪೋನಲ್ಲ, ನಾನು ಬಲ್ಲೆ” ಎಂದು ಒಬ್ಬರು ಹೇಳುತ್ತಾರೆ. ಈ ಎರಡರಲ್ಲಿ ಯಾವುದನ್ನು ನಂಬಬೇಕು? ಓದಿದವರು ಮೊದಲನೆಯದನ್ನು ಲೆಕ್ಕಾಚಾರ, ವಿಶ್ಲೇಷಣೆ ಎನ್ನುತ್ತಾರೆ. ಎರಡನೆಯದಕ್ಕೆ ಅಂತಃಪ್ರಜ್ಞೆ ಎಂಬ ದೊಡ್ಡ ಹೆಸರಿದೆ. ನಾವು ಅದನ್ನು ಒಳಮನಸ್ಸು ಎಂದೇ ಕರೆಯೋಣ. ಈ ಪ್ರಶ್ನೆ ನಮ್ಮ ಸಂಘದಲ್ಲಿ ಹುಟ್ಟಿದ್ದಲ್ಲ. ಸಹಕಾರ ಚಳವಳಿ ಹುಟ್ಟಿದ ದಿನದಿಂದಲೂ ಅದರ ಜೊತೆಗೇ ಬಂದಿದೆ.

ಸಾಹುಕಾರನ ಕಾಲ

ಸಂಘಗಳು ಇಲ್ಲದ ಕಾಲದಲ್ಲಿ ಹಳ್ಳಿಯಲ್ಲಿ ಸಾಲ ಕೊಡುತ್ತಿದ್ದವನು ಸಾಹುಕಾರ. ಅವನಿಗೆ ಅರ್ಜಿ ನಮೂನೆ ಬೇಕಿರಲಿಲ್ಲ. ಯಾರ ಮನೆಯಲ್ಲಿ ಎಷ್ಟು ರಾಗಿ ಇದೆ, ಯಾರ ಎತ್ತು ಮುದಿಯಾಗಿದೆ, ಯಾರ ಮಗಳ ಮದುವೆ ಹತ್ತಿರ ಬಂತು, ಯಾರು ಹೆಂಡದಂಗಡಿ ಕಡೆ ಹೆಜ್ಜೆ ಹಾಕುತ್ತಾರೆ, ಎಲ್ಲಾ ಅವನಿಗೆ ಗೊತ್ತಿತ್ತು. ಸರಿರಾತ್ರಿಯಲ್ಲಿ ಬಾಗಿಲು ತಟ್ಟಿದರೂ ಮುಖ ನೋಡಿ ಒಂದು ಗಳಿಗೆಯಲ್ಲಿ ತೀರ್ಮಾನ ಮಾಡುತ್ತಿದ್ದ. ಆ ವಿಷಯದಲ್ಲಿ ಅವನ ಒಳಮನಸ್ಸು ಬಹಳ ಚುರುಕು. ಆದರೆ ಲೆಕ್ಕದ ಪುಸ್ತಕ ಅವನ ಕೈಯಲ್ಲೇ ಇತ್ತು, ಹೆಬ್ಬೆಟ್ಟು ಮಾತ್ರ ರೈತನದು. ಅದರಲ್ಲಿ ಏನು ಬರೆದಿದೆ ಎಂದು ಕೇಳುವವರಿರಲಿಲ್ಲ. ಊರಿನ ಬಗ್ಗೆ ಅವನಿಗಿದ್ದ ತಿಳಿವಳಿಕೆಯೆಲ್ಲ ಊರಿಗೆ ಉಪಕಾರವಾಗದೆ ಅವನ ಬಡ್ಡಿಗೆ ದಾರಿಯಾಯಿತು.

ಇದೇ ಕಷ್ಟ ಜರ್ಮನಿಯ ರೈತರಿಗೂ ಇತ್ತು. ಅಲ್ಲಿ ಫ್ರೆಡರಿಕ್ ವಿಲ್ಹೆಲ್ಮ್ ರೈಫಿಸನ್ ಎಂಬವರು ಹಳ್ಳಿಗಳ ಮೇಯರ್ ಆಗಿದ್ದರು. 1846-47ರ ಬರಗಾಲದಲ್ಲಿ ಜನರಿಗೆ ರೊಟ್ಟಿ ಒದಗಿಸಲು ಶುರುಮಾಡಿದ ಅವರ ಕೆಲಸ, 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘವಾಯಿತು. ಅವರ ಸೂತ್ರ ಸರಳ. ಒಬ್ಬರಿಗೊಬ್ಬರು ಮುಖ ಪರಿಚಯ ಇರುವಷ್ಟು ಸಣ್ಣ ಪ್ರದೇಶದಲ್ಲೇ ಸಂಘ ಇರಬೇಕು. ಸದಸ್ಯರೆಲ್ಲರೂ ಸಂಘದ ಸಾಲಕ್ಕೆ ಪೂರ್ತಿ ಹೊಣೆಯಾಗಬೇಕು. ಅಂದರೆ ನೆರೆಯವನ ಮೇಲಿನ ನಂಬಿಕೆಯಿಂದ ಸಾಲ ಕೊಟ್ಟರೆ, ಆ ನಂಬಿಕೆ ಸುಳ್ಳಾದಾಗ ಕೊಟ್ಟವರ ಕೈಯೇ ಸುಡಬೇಕು. ಹಾಗಿದ್ದರೆ ಯಾರೂ ಸುಮ್ಮಸುಮ್ಮನೆ “ನಾನು ಬಲ್ಲೆ” ಎಂದು ಹೇಳುವುದಿಲ್ಲ.

ಮದರಾಸು ಸರ್ಕಾರ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿಯನ್ನು ಯೂರೋಪಿನ ಈ ಪದ್ಧತಿಗಳನ್ನು ಅಭ್ಯಾಸ ಮಾಡಲು ನೇಮಿಸಿತು. ಅವರ ವರದಿ 1895 ಮತ್ತು 1897ರಲ್ಲಿ ಎರಡು ಸಂಪುಟಗಳಾಗಿ ಬಂತು. ಅದರ ಸಾರವೂ ಇದೇ. ಹಣಕ್ಕಿಂತ ಮೊದಲು ರೈಫಿಸನ್ ಅವರಂಥ ಮನುಷ್ಯರನ್ನು ಹಳ್ಳಿಹಳ್ಳಿಯಲ್ಲಿ ಹುಡುಕಬೇಕು ಎಂದು ಅವರು ಕಂಡುಕೊಂಡರು.

1904ರ ಕಾನೂನು ಮತ್ತು ಕಣಗಿನಹಾಳ

1904ರ ಮಾರ್ಚ್ 25ರಂದು ಸಹಕಾರಿ ಪತ್ತಿನ ಸಂಘಗಳ ಕಾನೂನು ಬಂತು. ಆ ಕಾನೂನನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಹದಿನೆಂಟು ವರ್ಷ ದಾಟಿದ ಕನಿಷ್ಠ ಹತ್ತು ಜನ ಸೇರಿ ಸಂಘ ಮಾಡಬಹುದು, ಆದರೆ ಅವರು ಒಂದೇ ಊರಿನವರು ಅಥವಾ ಅಕ್ಕಪಕ್ಕದ ಊರಿನವರು, ಇಲ್ಲವೆ ಒಂದೇ ಕುಲ ಜಾತಿಯವರು ಆಗಿರಬೇಕು. ಅಂದರೆ ಪರಸ್ಪರ ಬಲ್ಲವರಾಗಿರಬೇಕು. ಇದು ಒಳಮನಸ್ಸಿಗೆ ಕೊಟ್ಟ ಜಾಗ. ಅದೇ ಕಾನೂನು ಇನ್ನೊಂದು ಮಾತನ್ನೂ ಹೇಳಿತು. ಪ್ರತಿಯೊಂದು ಸಂಘದ ಲೆಕ್ಕವನ್ನೂ ವರ್ಷಕ್ಕೊಮ್ಮೆಯಾದರೂ ರಿಜಿಸ್ಟ್ರಾರರ ಕಡೆಯಿಂದ ತಪಾಸಣೆ ಮಾಡಿಸಲೇಬೇಕು. ಇದು ಲೆಕ್ಕಕ್ಕೆ ಕೊಟ್ಟ ಜಾಗ. ನೊಗಕ್ಕೆ ಎರಡು ಎತ್ತು ಕಟ್ಟಿದ ಹಾಗೆ ಎರಡನ್ನೂ ಒಂದೇ ಕಾನೂನಿನಲ್ಲಿ ಕಟ್ಟಿದರು.

ಮರುವರ್ಷವೇ, ಅಂದರೆ 1905ರ ಮೇ 8ರಂದು, ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾಯಿತು. ಭಾರತದ ಮೊದಲ ಕೃಷಿ ಪತ್ತಿನ ಸಂಘ ಎಂಬ ಕೀರ್ತಿ ಕನ್ನಡ ನಾಡಿನ ಆ ಪುಟ್ಟ ಊರಿನದು. ಅದನ್ನು ಕಟ್ಟಿದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರನ್ನು ಸಹಕಾರ ಚಳವಳಿಯ ಪಿತಾಮಹ ಎಂದು ಇಂದಿಗೂ ಸ್ಮರಿಸುತ್ತೇವೆ. ನಮ್ಮ ಹಳೇ ಮೈಸೂರು ಸಂಸ್ಥಾನದಲ್ಲೂ ಅದೇ 1905ರಲ್ಲಿ ಸಹಕಾರ ಸಂಘಗಳ ರೆಗ್ಯುಲೇಷನ್ ಬಂತು. ಬಂಡವಾಳವೇ ಇಲ್ಲದ ಜನ ಒಬ್ಬರನ್ನೊಬ್ಬರು ನಂಬಿ ಸಂಘ ಕಟ್ಟಿದರು ಎಂದು ನಾವು ಭಾಷಣಗಳಲ್ಲಿ ಹೇಳುತ್ತೇವೆ. ಅದು ನಿಜ. ಆದರೆ ಅವರು ನಂಬಿಕೆಯನ್ನು ಪುಸ್ತಕದಲ್ಲಿ ಬರೆದಿಟ್ಟರು ಎಂಬುದೂ ಅಷ್ಟೇ ನಿಜ. ಅದನ್ನು ಹೇಳುವುದು ಕಡಿಮೆ.

ಲೆಕ್ಕ ಕುರುಡಾದಾಗ

ಹೀಗೆ ಶುರುವಾದ ಚಳವಳಿ ಐವತ್ತು ವರ್ಷದಲ್ಲಿ ಎಲ್ಲಿಗೆ ಬಂತು? 1951ರಲ್ಲಿ ರಿಸರ್ವ್ ಬ್ಯಾಂಕ್ ಎ.ಡಿ. ಗೋರ್ವಾಲಾ ಅವರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆ ನಡೆಸಲು ಸಮಿತಿ ನೇಮಿಸಿತು. 1954ರಲ್ಲಿ ವರದಿ ಬಂತು. ರೈತ ತಂದ ನೂರು ರೂಪಾಯಿ ಸಾಲದಲ್ಲಿ ಸಹಕಾರ ಸಂಘಗಳಿಂದ ಬಂದದ್ದು ಸುಮಾರು 3 ರೂಪಾಯಿ ಮಾತ್ರ. ಸಾಹುಕಾರರಿಂದ ಬಂದದ್ದು ಸುಮಾರು 70 ರೂಪಾಯಿ.

ಯಾಕೆ ಹೀಗಾಯಿತು? ಕಾರಣ ಹಲವು. ಅದರಲ್ಲಿ ಒಂದು ನಮ್ಮ ವಿಷಯಕ್ಕೆ ಸೇರಿದ್ದು. ಸಂಘಗಳು ಜಮೀನಿನ ಪತ್ರ ನೋಡಿ ಸಾಲ ಕೊಡುವ ಅಭ್ಯಾಸಕ್ಕೆ ಬಿದ್ದವು. ಪತ್ರ ಇದ್ದವನಿಗೆ ಸಾಲ, ಪತ್ರ ಇಲ್ಲದವನಿಗೆ ಇಲ್ಲ. ಗೇಣಿಗೆ ಮಾಡುವವನು ಎಷ್ಟೇ ಒಳ್ಳೆಯ ಬೇಸಾಯಗಾರನಾಗಿರಲಿ, ಅವನಿಗೆ ಸಿಗಲಿಲ್ಲ. ಜಮೀನು ಇದ್ದವನು ಉತ್ತಿ ಬಿತ್ತದಿದ್ದರೂ ಅವನಿಗೆ ಸಿಕ್ಕಿತು. ಕಾಗದ ಸರಿಯಾಗಿತ್ತು, ಆದರೆ ಎದುರಿಗೆ ನಿಂತ ಮನುಷ್ಯನನ್ನು ಯಾರೂ ನೋಡಲಿಲ್ಲ. ಆ ಸಮಿತಿ ಹೇಳಿದ ಪರಿಹಾರ ಬೆಳೆ ಸಾಲದ ಪದ್ಧತಿ. ಜಮೀನಿನ ಬೆಲೆ ನೋಡದೆ, ಬೆಳೆಗೆ ಬೇಕಾದ ಖರ್ಚು ನೋಡಿ ಸಾಲ ಕೊಡಿ, ಬೆಳೆ ಮಾರಿದಾಗ ವಸೂಲಿ ಮಾಡಿ ಎಂದರು. ಇಂದು ಒಂದು ಎಕರೆ ರಾಗಿಗೆ ಇಷ್ಟು, ಟೊಮೇಟೊಗೆ ಇಷ್ಟು ಎಂದು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ಪ್ರಮಾಣ ಗೊತ್ತು ಮಾಡುವುದಕ್ಕೆ ಮೂಲ ಅಲ್ಲಿದೆ. ಲೆಕ್ಕ ಬಿಟ್ಟುಬಿಡಿ ಎಂದು ಅವರು ಹೇಳಲಿಲ್ಲ. ಸರಿಯಾದುದರ ಲೆಕ್ಕ ಹಾಕಿ ಎಂದರು.

ಎರಡಾಣೆಯಿಂದ ಬಿಳೇಕಹಳ್ಳಿಯವರೆಗೆ

ಇನ್ನೊಂದು ಕಥೆ ಉಡುಪಿಯದು. ಅದು ಸುತ್ತಿ ಬಳಸಿ ನಮ್ಮ ಊರಿಗೇ ಬರುತ್ತದೆ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಎಂಬ ಸಂಸ್ಥೆ ಕಟ್ಟಿದರು. ಬಂಡವಾಳ ಎಂಟು ಸಾವಿರ ರೂಪಾಯಿ. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗುವುದು ಉದ್ದೇಶ. 1928ರಲ್ಲಿ ಅವರು ಪಿಗ್ಮಿ ಠೇವಣಿ ಶುರು ಮಾಡಿದರು. ಏಜೆಂಟ್ ದಿನಾ ಮನೆ ಬಾಗಿಲಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಹಣವನ್ನೂ ಸಂಗ್ರಹಿಸಬೇಕು.

ಬರೀ ಲೆಕ್ಕಾಚಾರದಿಂದ ನೋಡಿದರೆ ಇದು ಗಿಟ್ಟುವ ವ್ಯವಹಾರವಲ್ಲ. ಎರಡಾಣೆ ತರಲು ಒಬ್ಬ ಮನುಷ್ಯ ದಿನವೂ ನಡೆಯಬೇಕು. ಆದರೆ ಬಡವನೂ ಉಳಿಸುತ್ತಾನೆ, ಬಾಗಿಲಿಗೆ ಬಂದು ಕೇಳುವವರು ಬೇಕು ಅಷ್ಟೇ ಎಂಬುದು ಆ ಜನರನ್ನು ಹತ್ತಿರದಿಂದ ಕಂಡವರ ಮನಸ್ಸಿಗೆ ಹೊಳೆದದ್ದು. ಹೊಳೆದದ್ದನ್ನು ಅವರು ಪಾಸ್‌ಬುಕ್ಕು, ರಸೀತಿ, ದಿನದ ಲೆಕ್ಕದ ಮೇಲೆ ನಿಲ್ಲಿಸಿದರು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮ ಎಷ್ಟೋ ಸಹಕಾರ ಸಂಘಗಳಲ್ಲಿ ಇಂದಿಗೂ ನಡೆಯುತ್ತಿದೆ.

ಆ ಬ್ಯಾಂಕನ್ನು ನಡೆಸಿ ಬೆಳೆಸಿದವರಲ್ಲಿ ಒಬ್ಬರು ಟಿ.ಎ. ಪೈ. ಅವರು ಮುಂದೆ ಕೇಂದ್ರ ಸಚಿವರಾದರು. ಬೆಂಗಳೂರಿಗೆ ಐ.ಐ.ಎಂ. ಬರುವುದರಲ್ಲಿ ಅವರ ಪಾತ್ರ ದೊಡ್ಡದು. ದೇವರಾಜ ಅರಸು ಅವರ ಸರ್ಕಾರ 100 ಎಕರೆ ಜಮೀನು ಕೊಡಲು ಮುಂದಾಯಿತು. 1973ರಲ್ಲಿ ಸಂಸ್ಥೆ ಶುರುವಾದದ್ದು ಲ್ಯಾಂಗ್‌ಫರ್ಡ್ ರಸ್ತೆಯ ಕಟ್ಟಡದಲ್ಲಿ. 1983ರ ಹೊತ್ತಿಗೆ ಬನ್ನೇರುಘಟ್ಟ ರಸ್ತೆಗೆ, ನಮ್ಮ ಬಿಳೇಕಹಳ್ಳಿಗೆ ಬಂತು. ಬಾಲಕೃಷ್ಣ ದೋಶಿ ಎಂಬ ಹೆಸರಾಂತ ವಾಸ್ತುಶಿಲ್ಪಿ ಫತೇಪುರ್ ಸಿಕ್ರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕಲ್ಲಿನ ಕಟ್ಟಡಗಳನ್ನು ರೂಪಿಸಿದರು. 2009ರ ‘3 ಈಡಿಯಟ್ಸ್’ ಚಿತ್ರದಲ್ಲಿ ನಮ್ಮ ಮಕ್ಕಳು ಕಂಡ ಕಾಲೇಜು ಅದೇ.

ಹೀಗೆ ಬೇಗೂರು ಹೋಬಳಿಯ ಒಂದು ಹಳ್ಳಿಯಲ್ಲಿ, ರಾಗಿ ಅವರೆ ಬೆಳೆಯುತ್ತಿದ್ದ ಸೀಮೆಯಲ್ಲಿ, ತೀರ್ಮಾನ ಮಾಡುವುದನ್ನೇ ಶಾಸ್ತ್ರವಾಗಿ ಕಲಿಸುವ ವಿದ್ಯಾಸಂಸ್ಥೆ ಬಂತು. ಅದರ ಗೇಟಿನ ಹೊರಗೆ ನಮ್ಮ ಹಿರಿಯರು ತೀರ್ಮಾನ ಮಾಡುತ್ತಿದ್ದದ್ದು ಅರಳೀಕಟ್ಟೆಯ ಮೇಲೆ ಕೂತು. ಒಳಗಿನವರದು ಬರೀ ಲೆಕ್ಕ, ಹೊರಗಿನವರದು ಬರೀ ಮನಸ್ಸು ಎಂದು ತಿಳಿಯುವುದು ಸುಲಭ. ಅದು ಹಾಗಲ್ಲ ಎಂಬುದು ಈ ಶಾಸ್ತ್ರ ಬೆಳೆದ ಚರಿತ್ರೆ ನೋಡಿದರೆ ತಿಳಿಯುತ್ತದೆ.

ವಿದ್ವಾಂಸರು ಕಂಡುಕೊಂಡದ್ದು

ಅಮೆರಿಕದ ಹರ್ಬರ್ಟ್ ಸೈಮನ್ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಮನುಷ್ಯನಿಗೆ ಎಲ್ಲಾ ಮಾಹಿತಿ ಸೇರಿಸಿ, ಎಲ್ಲಾ ದಾರಿಗಳನ್ನೂ ತೂಗಿ ನೋಡುವಷ್ಟು ಸಮಯವಾಗಲಿ ಶಕ್ತಿಯಾಗಲಿ ಇಲ್ಲ ಎಂದು ತೋರಿಸಿದವರು ಅವರು. ಒಳಮನಸ್ಸು ಎಂದರೆ ಮಂತ್ರ ಮಾಯ ಅಲ್ಲ, ಹಿಂದೆ ಬಹಳ ಸಲ ಕಂಡದ್ದರ ಗುರುತು ಹಿಡಿಯುವುದು ಎಂದೂ ಅವರು ವಿವರಿಸಿದರು.

ಗ್ಯಾರಿ ಕ್ಲೈನ್ ಎಂಬವರು ಬೆಂಕಿ ಆರಿಸುವ ಸಿಬ್ಬಂದಿಯನ್ನು ಅಭ್ಯಾಸ ಮಾಡಿದರು. ಒಂದು ಮನೆಯ ಅಡಿಗೆ ಕೋಣೆಗೆ ಬೆಂಕಿ ಬಿದ್ದಿತ್ತು. ನೀರು ಹೊಡೆದರೂ ಆರಲಿಲ್ಲ. ತಂಡದ ಮುಖ್ಯಸ್ಥನಿಗೆ ಯಾಕೋ ಸರಿಯಿಲ್ಲ ಅನ್ನಿಸಿ ಎಲ್ಲರನ್ನೂ ಹೊರಗೆ ಕರೆದ. ಅವರು ಹೊರಗೆ ಬಂದ ಸ್ವಲ್ಪ ಹೊತ್ತಿಗೆ ನೆಲ ಕುಸಿಯಿತು. ಬೆಂಕಿ ಇದ್ದದ್ದು ನೆಲಮಾಳಿಗೆಯಲ್ಲಿ. ತನಗೆ ಅತೀಂದ್ರಿಯ ಶಕ್ತಿ ಇದೆ ಎಂದೇ ಆತ ನಂಬಿದ್ದ. ವಿಚಾರಿಸಿ ನೋಡಿದರೆ, ಅಷ್ಟು ಸಣ್ಣ ಬೆಂಕಿಗೆ ಇಷ್ಟು ಕಾವು ಇರಬಾರದು, ಇಷ್ಟು ಕಾವಿಗೆ ಇಷ್ಟು ನಿಶ್ಶಬ್ದ ಇರಬಾರದು ಎಂಬುದನ್ನು ಅವನ ವರ್ಷಗಳ ಅನುಭವ ಗುರುತಿಸಿತ್ತು.

ಡೇನಿಯಲ್ ಕಾಹ್ನೆಮನ್ ಇನ್ನೊಂದು ಕಡೆಯವರು. ಅನಿಸಿಕೆ ನಂಬಿ ಮನುಷ್ಯ ಹೇಗೆಲ್ಲಾ ಮೋಸ ಹೋಗುತ್ತಾನೆ ಎಂದು ತೋರಿಸಿ 2002ರಲ್ಲಿ ನೊಬೆಲ್ ಪಡೆದರು. 1950ರ ದಶಕದಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಸ್ರೇಲ್ ಸೈನ್ಯಕ್ಕೆ ಸೇರುವವರನ್ನು ಸಂದರ್ಶನ ಮಾಡುವ ಪದ್ಧತಿಯನ್ನು ಅವರು ಬದಲಾಯಿಸಿದ್ದರು. ಮಾತಾಡಿಸಿ ಒಟ್ಟಾರೆ ಅಭಿಪ್ರಾಯ ಹೇಳುವುದನ್ನು ಬಿಡಿಸಿ, ಆರು ಗುಣಗಳನ್ನು ಒಂದೊಂದಾಗಿ ವಿಚಾರಿಸಿ ಬೇರೆ ಬೇರೆ ಅಂಕ ಹಾಕಿ ಎಂದರು. ಸಂದರ್ಶನ ಮಾಡುವವರು ನಮ್ಮನ್ನು ಯಂತ್ರ ಮಾಡಿಬಿಟ್ಟಿರಿ ಎಂದು ಗೊಣಗಿದರು. ಆಗ ಅವರು, ಆರೂ ಅಂಕ ಹಾಕಿ ಮುಗಿದ ಮೇಲೆ ಕಣ್ಣು ಮುಚ್ಚಿ ಈ ಹುಡುಗ ಸೈನಿಕನಾಗಿ ಹೇಗಿರುತ್ತಾನೆ ಎಂದು ಕಲ್ಪಿಸಿಕೊಂಡು ಇನ್ನೊಂದು ಅಂಕ ಹಾಕಿ ಎಂದರು. ಆಮೇಲೆ ಪರೀಕ್ಷೆ ಮಾಡಿದಾಗ ಆರರ ಮೊತ್ತವೂ ಹಳೇ ಪದ್ಧತಿಗಿಂತ ಬಹಳ ಮೇಲಾಗಿತ್ತು, ಕಣ್ಣು ಮುಚ್ಚಿ ಹಾಕಿದ ಅಂಕವೂ ಅಷ್ಟೇ ಚೆನ್ನಾಗಿತ್ತು. ಮೊದಲು ಲೆಕ್ಕ, ಆಮೇಲೆ ಮನಸ್ಸು. ಈ ವರಸೆಯೇ ಮುಖ್ಯ.

ಇಬ್ಬರದೂ ಬೇರೆ ಬೇರೆ ದಾರಿಯಾದರೂ ಕಾಹ್ನೆಮನ್ ಮತ್ತು ಕ್ಲೈನ್ ಕೂತು ಚರ್ಚಿಸಿ 2009ರಲ್ಲಿ ಒಟ್ಟಿಗೆ ಒಂದು ಪ್ರಬಂಧ ಬರೆದರು. ಒಳಮನಸ್ಸನ್ನು ಯಾವಾಗ ನಂಬಬಹುದು ಎಂಬುದಕ್ಕೆ ಎರಡು ಷರತ್ತು ಹೇಳಿದರು. ಆ ಕೆಲಸದಲ್ಲಿ ಒಂದು ಕ್ರಮ ಇರಬೇಕು, ಅಂದರೆ ಇಂಥ ಸೂಚನೆ ಕಂಡರೆ ಸಾಮಾನ್ಯವಾಗಿ ಇಂಥದ್ದೇ ಆಗುತ್ತದೆ ಎಂಬ ಹಾಗಿರಬೇಕು. ಎರಡನೆಯದು, ನಮ್ಮ ಊಹೆ ಸರಿಯಾಯಿತೇ ತಪ್ಪಾಯಿತೇ ಎಂದು ಬಹಳ ಸಲ, ಬೇಗ ತಿಳಿಯುತ್ತಾ ಇರಬೇಕು.

ನಮ್ಮ ಹೊಲ, ನಮ್ಮ ಡೈರಿ

ಈ ಎರಡು ಷರತ್ತನ್ನು ನಮ್ಮ ಅನುಭವಕ್ಕೆ ಹಚ್ಚಿ ನೋಡೋಣ. ದಿನಾ ಹಸು ಕಟ್ಟುವ ಹೆಣ್ಣುಮಗಳು, “ಇವತ್ತು ಇದು ಮೇವು ಮುಟ್ಟಿದ್ರೂ ಸರಿಯಿಲ್ಲ ಕಣ್ರೀ” ಎಂದರೆ ಡಾಕ್ಟರನ್ನು ಕರೆಸುವುದೇ ಸರಿ. ಅವಳ ಊಹೆ ಸಂಜೆಯೊಳಗೆ ನಿಜವೋ ಸುಳ್ಳೋ ತಿಳಿದುಬಿಡುತ್ತದೆ, ವರ್ಷವಿಡೀ ಹೀಗೆ ತಿಳಿಯುತ್ತಾ ಅವಳ ಮನಸ್ಸು ಪಳಗಿದೆ. ಹಾಲು ತರುವ ಪಾತ್ರೆಯಲ್ಲಿ ಬೆರಳು ಅದ್ದಿ ನೀರು ಬೆರೆತಿದೆ ಎನ್ನುವ ಹಳಬರೂ ಇದ್ದರು. 1974ರಲ್ಲಿ ಕರ್ನಾಟಕ ಡೈರಿ ಅಭಿವೃದ್ಧಿ ನಿಗಮ ಬಂದು ಹಳ್ಳಿಹಳ್ಳಿಯಲ್ಲಿ ಹಾಲು ಸಂಘಗಳಾದ ಮೇಲೆ ಬೆರಳಿನ ಜಾಗಕ್ಕೆ ಲ್ಯಾಕ್ಟೋಮೀಟರ್ ಬಂತು, ಜಿಡ್ಡಿನ ಪರೀಕ್ಷೆ ಬಂತು. 1984ರಲ್ಲಿ ಅದು ಕೆ.ಎಂ.ಎಫ್. ಆಯಿತು. ಬೆರಳಿನವರು ದಡ್ಡರು ಎಂದಲ್ಲ. ಅವರು ಹೇಳಿದ್ದು ನಿಜವಿರಬಹುದು, ಆದರೆ ಬೆರಳಿನ ತೀರ್ಪಿಗೆ ಎದುರು ಮಾತಾಡಲು ಹಾಲು ಹಾಕಿದವನಿಗೆ ಆಧಾರ ಇರಲಿಲ್ಲ. ಅಳತೆ ಬಂದ ಮೇಲೆ ಬಡವನಿಗೂ ಧೈರ್ಯ ಬಂತು.

ರಾಗಿಯ ವಿಷಯ ನೋಡಿ. ತೆನೆ ನೋಡಿ ಬೀಜ ಆರಿಸುವುದು ರೈತನ ಕಣ್ಣು. ರಾಗಿ ಲಕ್ಷ್ಮಣಯ್ಯ ಎಂದೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಎರಡು ಖಂಡದ ರಾಗಿಯನ್ನು ಕೂಡಿಸಬಹುದು ಎಂದು ಹೊಳೆಯಲು ಬೆಳೆಯ ಜೊತೆ ಬಾಳಿದ ಕಣ್ಣು ಬೇಕು. ಹೊಳೆದದ್ದು ಸರಿಯೇ ಎಂದು ತಿಳಿಯಲು ತಾಕು ಮಾಡಿ, ಬೆಳೆದು, ತೂಕ ಹಾಕಲೇಬೇಕು.

ಈಗ ಸೈಟಿನ ಬೆಲೆ ತೆಗೆದುಕೊಳ್ಳಿ. ಬನ್ನೇರುಘಟ್ಟ ರಸ್ತೆಯಲ್ಲಿ ಬಡಾವಣೆಗಳು ಎದ್ದ ವರ್ಷಗಳಲ್ಲಿ, ಇನ್ನು ಏರುತ್ತೆ ಎನ್ನುವವರೂ ಇಷ್ಟೇ ಇನ್ನು ಎನ್ನುವವರೂ ಅಷ್ಟೇ ಗಟ್ಟಿಯಾಗಿ ಮಾತಾಡುತ್ತಿದ್ದರು. ಜಮೀನು ಮಾರುವ ತೀರ್ಮಾನ ಒಬ್ಬ ಮನುಷ್ಯ ಜನ್ಮದಲ್ಲಿ ಒಂದೋ ಎರಡೋ ಸಲ ಮಾಡುತ್ತಾನೆ. ಪಳಗಲು ಅವಕಾಶವೇ ಇಲ್ಲ. ರಾಗಿ ಹೊಲದಲ್ಲಿ ಬಂದ ಧೈರ್ಯ ಸೈಟಿನ ವ್ಯಾಪಾರಕ್ಕೆ ನಡೆಯುವುದಿಲ್ಲ. ಮನಸ್ಸು ಎಷ್ಟು ಗಟ್ಟಿಯಾಗಿ ಹೇಳುತ್ತದೆ ಎನ್ನುವುದು ಮುಖ್ಯವಲ್ಲ, ಎಲ್ಲಿ ಕಲಿತು ಹೇಳುತ್ತದೆ ಎನ್ನುವುದು ಮುಖ್ಯ.

ಮನಸ್ಸು ಎಂದೂ ಕಲಿಯದ ಪಾಠ

ಇಲ್ಲಿ ಸಹಕಾರಿಗಳಾದ ನಾವು ತಲೆ ತಗ್ಗಿಸಿ ಯೋಚಿಸಬೇಕಾದ ಒಂದು ಮಾತಿದೆ. ಹಳೆಯ ಕಾಲದ ಸಂಘಗಳ ಯಜಮಾನರು ಹೆಣ್ಣುಮಕ್ಕಳಿಗೆ, ಕೂಲಿಯವರಿಗೆ ಸಾಲ ಕೊಡುವುದೆಂದರೆ “ಅವರು ಎಲ್ಲಿ ತೀರಿಸ್ತಾರೆ ಬಿಡಿ” ಎನ್ನುತ್ತಿದ್ದರು. ಅದು ಅನುಭವದ ಮಾತು ಎಂದೇ ತಿಳಿದಿದ್ದರು. ಆದರೆ ಅವರಿಗೆ ಎಂದೂ ಸಾಲವನ್ನೇ ಕೊಟ್ಟಿರಲಿಲ್ಲ. ಕೊಡದೆ ಇದ್ದರೆ ತೀರಿಸುತ್ತಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ?

ಅದನ್ನು ತೋರಿಸಿಕೊಟ್ಟದ್ದೂ ನಮ್ಮ ಕರ್ನಾಟಕವೇ. 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಮೊದಲು ಟಿಬೆಟನ್ ನಿರಾಶ್ರಿತರ ಪುನರ್ವಸತಿಗೆ ದುಡಿಯಿತು. ಆಮೇಲೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತು. 1980ರ ದಶಕದ ನಡುವೆ ಆ ಸಂಘಗಳಲ್ಲಿ ಕೆಲವು ಮುಖಂಡರ ಮೇಲೆ ವಿಶ್ವಾಸ ಹೋಗಿ ಮುರಿದು ಬಿದ್ದವು. ಆಗ ಸದಸ್ಯರೇ ಸಣ್ಣ ಸಣ್ಣ ಗುಂಪಾಗಿ ಬಂದು, ನಮ್ಮ ಸಾಲ ನಾವು ತೀರಿಸುತ್ತೇವೆ, ಆದರೆ ಆ ಮುಖಂಡರ ಕೈಗೆ ಕೊಡುವುದಿಲ್ಲ, ನಮ್ಮ ಗುಂಪಿಗೇ ಕಟ್ಟುತ್ತೇವೆ ಎಂದರು. ಯಾವ ಆಧಾರದ ಮೇಲೆ ಗುಂಪಾದಿರಿ ಎಂದರೆ, ಒಬ್ಬರನ್ನೊಬ್ಬರು ನಂಬುತ್ತೇವೆ ಎಂಬುದೇ ಉತ್ತರ. ಆ ಗುಂಪುಗಳು ಕ್ರಮವಾಗಿ ಸಭೆ ಸೇರಿದವು, ಉಳಿತಾಯ ಬರೆದಿಟ್ಟವು, ನಡಾವಳಿ ಬರೆದವು. 1987ರಲ್ಲಿ ನಬಾರ್ಡ್ ನೆರವು ಕೊಟ್ಟಿತು. 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಮುಂದೆ ಹೆಚ್ಚಿನವು ಹೆಣ್ಣುಮಕ್ಕಳ ಗುಂಪುಗಳೇ ಆದವು. 2000-01ರಲ್ಲಿ ನಮ್ಮ ಸರ್ಕಾರ ಸ್ತ್ರೀಶಕ್ತಿ ಯೋಜನೆ ತಂದಿತು. ಹೆಣ್ಣುಮಕ್ಕಳು ಸಾಲ ತೀರಿಸುವುದರಲ್ಲಿ ಯಾರಿಗೂ ಕಡಿಮೆಯಿಲ್ಲ ಎಂದು ಇಂದು ಯಾವ ಬ್ಯಾಂಕಿನವರನ್ನು ಕೇಳಿದರೂ ಹೇಳುತ್ತಾರೆ.

ಆದ್ದರಿಂದ “ಮನಸ್ಸು ಒಪ್ತಿಲ್ಲ” ಎಂದಾಗ, ಅದು ಅನುಭವದಿಂದ ಬಂದ ಮಾತೋ, ಇಲ್ಲ “ನಮ್ಮೋನಲ್ಲ” ಎಂಬ ಮಾತು ಬೇರೆ ವೇಷದಲ್ಲಿ ಬಂದಿದೆಯೋ ಎಂದು ನೋಡಿಕೊಳ್ಳಬೇಕು. 1904ರ ಕಾನೂನು ಒಂದೇ ಜಾತಿಯವರ ಸಂಘಕ್ಕೂ ಅವಕಾಶ ಕೊಟ್ಟಿತ್ತು ಎಂದೆವಲ್ಲ, ಅಂದಿನ ನಂಬಿಕೆಯ ಗೆರೆ ಜಾತಿಯ ಗೆರೆಯ ಮೇಲೇ ಹೋಗಿತ್ತು. ಆ ಗೆರೆ ನಮ್ಮ ಕಾಲಕ್ಕೆ ಆಗದು.

ಇಂದಿನ ಬಿಳೇಕಹಳ್ಳಿ

ಈಗ ನಮ್ಮ ಊರಿಗೆ ಬರೋಣ. ಊರು ನಗರದೊಳಗೆ ಸೇರಿತು. ಹೊಲಗಳು ಬಡಾವಣೆ, ಅಪಾರ್ಟ್‌ಮೆಂಟು ಆದವು. ರಸ್ತೆಯ ಮೇಲೆ ಮೆಟ್ರೋ ಕಂಬಗಳೆದ್ದವು. ಬೇಸಾಯ ಬಿಡದ ನಮ್ಮಂಥ ಕೆಲವರು ಊರಾಚೆ ಜಮೀನು ಮಾಡಿಕೊಂಡಿದ್ದೇವೆ. ಸಂಘ ಶುರುವಾದಾಗ ಅರ್ಜಿಯ ಮೇಲಿನ ಹೆಸರು ನೋಡಿದರೆ ಸಾಕಿತ್ತು, ಅವರ ಅಜ್ಜನ ಕಾಲದಿಂದ ಎಲ್ಲಾ ಗೊತ್ತಿತ್ತು. ಈಗ ಬರುವ ಅರ್ಜಿದಾರರಲ್ಲಿ ಹಾಸನದವರಿದ್ದಾರೆ, ರಾಯಚೂರಿನವರಿದ್ದಾರೆ, ತಮಿಳುನಾಡು, ಆಂಧ್ರದವರಿದ್ದಾರೆ. ತರಕಾರಿ ಗಾಡಿ, ಆಟೋ, ಟೈಲರಿಂಗ್, ಸಣ್ಣ ಹೋಟೆಲು ಇಟ್ಟುಕೊಂಡವರು. ಅವರೂ ಇಲ್ಲಿ ಬೆವರು ಸುರಿಸುವವರೇ. ಆದರೆ ಅವರ ಬಗ್ಗೆ ನಮ್ಮ ಒಳಮನಸ್ಸಿಗೆ ಪಾಠ ಆಗಿಲ್ಲ. ಹಳೇ ಊರಿನವರ ಮೇಲೆ ಪಳಗಿದ ಮನಸ್ಸು ಹೊಸಬರ ಮೇಲೆ ಬರೀ ಅಂದಾಜು ಹೊಡೆಯುತ್ತದೆ.

ಹಾಗಂತ ಹಳೇ ನಂಬಿಕೆಯ ಮೇಲೆ ಕಣ್ಣು ಮುಚ್ಚಿಕೊಂಡು ಕೂರುವ ಹಾಗೂ ಇಲ್ಲ. 2020ರ ಜನವರಿಯಲ್ಲಿ ನಮ್ಮಿಂದ ಹೆಚ್ಚು ದೂರವಿಲ್ಲದ ಬಸವನಗುಡಿಯ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿತು. 35,000 ರೂಪಾಯಿಗಿಂತ ಹೆಚ್ಚು ಹಣ ತೆಗೆಯುವ ಹಾಗಿಲ್ಲ ಎಂದಾಯಿತು. ನಿವೃತ್ತಿ ಹಣವೆಲ್ಲ ಅಲ್ಲಿಟ್ಟಿದ್ದ ಹಿರಿಯರು ಬಾಗಿಲ ಮುಂದೆ ನಿಂತದ್ದನ್ನು ಬೆಂಗಳೂರೆಲ್ಲಾ ನೋಡಿತು. ನಮ್ಮವರ ಬ್ಯಾಂಕು ಎಂಬ ಭಾವನೆಯಿಂದ ಹಣ ಇಟ್ಟವರು ಅದರಲ್ಲಿ ಬಹಳ ಜನ. ಆ ವರ್ಷ ಫೆಬ್ರವರಿಯಲ್ಲಿ ಬ್ಯಾಂಕ್ ಠೇವಣಿಯ ವಿಮೆ ಒಂದು ಲಕ್ಷದಿಂದ ಐದು ಲಕ್ಷಕ್ಕೆ ಏರಿತು. ಆದರೆ ಸದಸ್ಯರು ಒಂದು ಮಾತು ತಿಳಿದಿರಬೇಕು. ಆ ವಿಮೆ ಬ್ಯಾಂಕುಗಳಿಗೆ. ನಮ್ಮಂಥ ಪ್ರಾಥಮಿಕ ಪತ್ತಿನ ಸಂಘಗಳ ಠೇವಣಿಗೆ ಅದು ಇಲ್ಲ. ಇಲ್ಲಿ ನಿಮ್ಮ ಹಣಕ್ಕೆ ಕಾವಲು ಎಂದರೆ ಆಡಳಿತ ಮಂಡಳಿ ಮಾಡುವ ತೀರ್ಮಾನ, ಲೆಕ್ಕ ತಪಾಸಣೆ, ಮತ್ತು ವಾರ್ಷಿಕ ಸಭೆಯಲ್ಲಿ ನೀವು ಕೇಳುವ ಪ್ರಶ್ನೆ.

ಹಾಗಾದರೆ ಏನು ಮಾಡೋಣ?

ಈ ನೂರಿಪ್ಪತ್ತು ವರ್ಷದ ಚರಿತ್ರೆಯಿಂದ ನಮಗೆ ತೋಚಿದ ನಾಲ್ಕು ಸಲಹೆಗಳನ್ನು ಸದಸ್ಯರ ಮುಂದೆ ಇಡುತ್ತೇವೆ. ಮುಂದಿನ ಸಾಮಾನ್ಯ ಸಭೆಯಲ್ಲಿ ಚರ್ಚೆಯಾಗಲಿ.

ಮೊದಲನೆಯದು, ಮೊದಲು ಕಾಗದ, ಆಮೇಲೆ ಮನಸ್ಸು. ಆದಾಯ, ಈಗಾಗಲೇ ಇರುವ ಸಾಲ, ಕಂತು ಕಟ್ಟುವ ಶಕ್ತಿ, ಜಾಮೀನುದಾರರು, ಹಿಂದಿನ ಸಾಲದ ನಡತೆ, ಇವಕ್ಕೆ ಪ್ರತಿಯೊಬ್ಬ ನಿರ್ದೇಶಕರೂ ಮಾತಿಗೆ ಮುಂಚೆ ಬೇರೆ ಬೇರೆಯಾಗಿ ಅಂಕ ಹಾಕಲಿ. ಅಧ್ಯಕ್ಷರು ಬಾಯಿ ಬಿಟ್ಟ ಮೇಲೆ ಎಲ್ಲರೂ ಹೂಂ ಅನ್ನುವುದು ತಪ್ಪುತ್ತದೆ.

ಎರಡನೆಯದು, ಮನಸ್ಸು ಬೇಡ ಎಂದರೆ ಅದನ್ನು ತಳ್ಳಿಹಾಕಬಾರದು, ಅದರ ಮೇಲೇ ಅರ್ಜಿಯನ್ನೂ ತಳ್ಳಿಹಾಕಬಾರದು. ಅದು ಇನ್ನೊಮ್ಮೆ ವಿಚಾರಿಸಿ ಎಂಬ ಸೂಚನೆ. ಇಬ್ಬರು ಹೋಗಿ ಅಂಗಡಿ ಮನೆ ನೋಡಿ ಬರಲಿ. ಮನಸ್ಸು ಬೇಕು ಎಂದ ಮಾತ್ರಕ್ಕೆ ಕಾಗದದ ಕೊರತೆ ಮುಚ್ಚಿಹೋಗಬಾರದು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಮೂರನೆಯದು, ನಂಟರ, ವ್ಯವಹಾರ ಇರುವವರ ಅರ್ಜಿ ಬಂದಾಗ ಆ ನಿರ್ದೇಶಕರು ಎದ್ದು ಹೊರಗೆ ಹೋಗಲಿ. ಪ್ರೀತಿ ಇರುವಲ್ಲಿ ಒಳಮನಸ್ಸು ಸಾಕ್ಷಿ ಹೇಳಲು ಬಾರದು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಯಾರು ಏನು ಹೇಳಿದರು, ಯಾಕೆ ಹೇಳಿದರು ಎಂದು ಒಂದೊಂದು ಸಾಲು ನಡಾವಳಿಯಲ್ಲಿ ಬರೆದಿಡೋಣ. ವರ್ಷಕ್ಕೊಮ್ಮೆ ಆ ಪುಟ ತೆಗೆದು, ಕಟ್ಟಿದವರು ಯಾರು, ತಪ್ಪಿಸಿದವರು ಯಾರು, ನಮ್ಮ ಊಹೆ ಎಲ್ಲಿ ಸರಿಯಾಯಿತು ಎಂದು ತಾಳೆ ನೋಡೋಣ. ಹೊಸ ಸದಸ್ಯರಿಗೆ ಮೊದಲು ಸಣ್ಣ ಸಾಲ ಕೊಟ್ಟು, ತೀರಿಸಿದ ಹಾಗೆ ಹೆಚ್ಚು ಮಾಡುತ್ತಾ ಹೋಗೋಣ. ಅವರಿಗೂ ಸಂಘದ ಮೇಲೆ ನಂಬಿಕೆ ಬರುತ್ತದೆ, ನಮ್ಮ ಮನಸ್ಸಿಗೂ ಪಾಠ ಆಗುತ್ತದೆ. ಇಪ್ಪತ್ತೈದು ವರ್ಷದ ಹಿಂದೆ ಊರವರ ಬಗ್ಗೆ ಹಿರಿಯರಿಗೆ ಇದ್ದ ತಿಳಿವಳಿಕೆ, ಹೀಗೆ ಮಾಡಿದರೆ ಇನ್ನು ಕೆಲವು ವರ್ಷದಲ್ಲಿ ಹೊಸ ಬಿಳೇಕಹಳ್ಳಿಯ ಬಗ್ಗೆಯೂ ನಮಗೆ ಬಂದೀತು.

ಅದಕ್ಕೆ ಸದಸ್ಯ ಬಾಂಧವರ ಸಹಕಾರ ಬೇಕು. ತಡವಾಯಿತೆಂದು ಬೇಸರ ಪಡಬೇಡಿ, ಪ್ರಶ್ನೆ ಕೇಳಿದರೆಂದು ಅವಮಾನ ಅಂದುಕೊಳ್ಳಬೇಡಿ. ಕೇಳುವುದು ನಿಮ್ಮದೇ ಹಣದ ಸಲುವಾಗಿ.  ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸುತ್ತೇವೆ.

ಜೈ ಸಹಕಾರ.